ನಾಲ್ಕು ಸಾವಿರ ಅಡಿಯಲ್ಲಿ ಬಲಗಿವಿ

ಮಾರ್ಚ್ ೪, ಸೋಮವಾರ

ಕಿವಿ ಡಾಕ್ಟರು ಎರಡು ಹಾಳೆ ಕೊಟ್ಟು ಕಳಿಸಿದ್ದಾರೆ. ದಿನಕ್ಕೆರಡು ಸಲ, ಕಿವಿಯೊಳಗಿನ ಸದ್ದು ಎಷ್ಟು, ತಲೆಸುತ್ತು ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗಿನ ಅಂಕಿ ಬರೆಯಬೇಕಂತೆ. ಬರೆದರಾಯಿತು. ಇವತ್ತು ಎರಡು, ನಾಳೆ ಒಂದು, ನಾಡಿದ್ದು ಸೊನ್ನೆ. ಆ ಹಾಳೆ ಅವರಿಗೆ. ಈ ಪುಸ್ತಕ ನನಗೆ. ಇವರು, ನನ್ನ ಗಂಡ, ತಮ್ಮ ಬೈಂಡಿಂಗ್ ಅಂಗಡಿಯಲ್ಲಿ ಉಳಿದ ಕಾಗದ ಹೊಲಿದು, ನೀಲಿ ಬಟ್ಟೆಯ ರಟ್ಟು ಹಾಕಿ ತಂದುಕೊಟ್ಟರು. "ಕೂಗಾಡಬೇಕು ಅನ್ನಿಸಿದಾಗ ಇದರ ಮೇಲೆ ಕೂಗಾಡು. ನನಗೂ ಇರೋದು ಎರಡೇ ಕಿವಿ" ಎಂದರು.

ನಡೆದದ್ದು ಇಷ್ಟೇ. ಶುಕ್ರವಾರಕ್ಕೆ ನನ್ನ ನೆಗಡಿ ಶುರುವಾಗಿ ಮೂರು ದಿನ. ಬೆಳಿಗ್ಗೆ ಡ್ಯೂಟಿ ಹಂಚುವ ರೋಸ್ಟರ್ ವಿಭಾಗಕ್ಕೆ ಫೋನ್ ಮಾಡಿ ಹೇಳಿದ್ದೆ ಕೂಡ. ಆ ಕಡೆಯವನು ನಕ್ಕ. "ಕ್ಯಾಪ್ಟನ್, ನಿಮಗೂ ನೆಗಡಿ ಆಗುತ್ತಾ? ಬದಲಿ ಯಾರೂ ಇಲ್ಲ, ನೂರ ಅರವತ್ತು ಜನ ಕಾಯ್ತಿದ್ದಾರೆ." ನಾನೂ ನಕ್ಕೆ. ಮೂಗಿಗೆ ಔಷಧಿ ಬಿಟ್ಟುಕೊಂಡು ಹೊರಟೆ.

ಏರುವಾಗ ಏನೂ ಆಗಲಿಲ್ಲ. ಏರುವಾಗ ಆಗುವುದೂ ಇಲ್ಲ. ಮೂಗು ಎಷ್ಟೇ ಕಟ್ಟಿರಲಿ, ಕಿವಿಯೊಳಗಿನ ಗಾಳಿ ಹೇಗೋ ನುಸುಳಿಕೊಂಡು ಹೊರಗೆ ಹೋಗುತ್ತದೆ. ತೊಂದರೆ ಇಳಿಯುವಾಗ. ಹೊರಗಿನ ಒತ್ತಡ ಹೆಚ್ಚುತ್ತ ಬರುತ್ತದೆ, ಒಳಗೆ ಗಾಳಿ ಬರಲು ದಾರಿಯಿಲ್ಲ, ಕಿವಿಯ ತಮಟೆ ಒಳಕ್ಕೆ ಜಗ್ಗುತ್ತದೆ. ಮೂಗು ಹಿಡಿದು ಊದಿದೆ, ಆಕಳಿಸಿದೆ, ಉಗುಳು ನುಂಗಿದೆ. ನಾಲ್ಕು ಸಾವಿರ ಅಡಿಯಲ್ಲಿ ಬಲಗಿವಿ ಟಪ್ ಎಂದಿತು. ಬಿಸಿಯಾಗಿ ಏನೋ ಇಳಿಯಿತು. ಎರಡು ಸೆಕೆಂಡು, ಎರಡೇ ಸೆಕೆಂಡು, ತಲೆ ತಿರುಗಿದ ಹಾಗಾಯಿತು. ಅಷ್ಟರಲ್ಲಿ ಪಕ್ಕದ ಸೀಟಿನ ಹುಡುಗಿ "ಕಂಟ್ರೋಲ್ ನನ್ನದು" ಎಂದು ವಿಮಾನವನ್ನು ತನ್ನ ಕೈಗೆ ತೆಗೆದುಕೊಂಡು ಇಳಿಸಿಯೂ ಬಿಟ್ಟಳು. ಕೆಲಸಕ್ಕೆ ಸೇರಿ ಏಳು ತಿಂಗಳು. ಇನ್ನೂ ಪ್ರೊಬೇಷನ್ ಮುಗಿದಿಲ್ಲ. ನಾನು ಆಂಬುಲೆನ್ಸ್ ಬೇಡವೆಂದು ಜಗಳವಾಡುತ್ತಿದ್ದಾಗ ಅವಳು ಕೂತು ವರದಿ ಬರೆಯುತ್ತಿದ್ದಳು.

ತಮಟೆಯಲ್ಲಿ ತೂತು ಬಿದ್ದಿದೆ, ಒಳಗಿವಿಗೂ ಪೆಟ್ಟಾಗಿದೆ. ನನ್ನ ವೈದ್ಯಕೀಯ ಪ್ರಮಾಣಪತ್ರ ಅಮಾನತಾಗಿದೆ. ಅದಿಲ್ಲದೆ ವಿಮಾನ ಮುಟ್ಟುವಂತಿಲ್ಲ. "ಎಷ್ಟು ದಿನ?" ಎಂದು ಕೇಳಿದೆ. "ನಿಮ್ಮ ಕಿವೀನೇ ಕೇಳಿ" ಎಂದರು ಡಾಕ್ಟರು. ಅವರಿಗೆ ಇದು ತಮಾಷೆ.

ಮಾರ್ಚ್ ೬, ಬುಧವಾರ

ಮಲಗುವ ಕೋಣೆಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಗೋಡೆ ಮುಟ್ಟದೆ ಹೋದೆ. ಬರುವಾಗ ಮುಟ್ಟಿದೆ. ಒಂದೇ ಸಲ.

ಡಾಕ್ಟರ ಹಾಳೆಯಲ್ಲಿ: ತಲೆಸುತ್ತು ಸೊನ್ನೆ.

ಮಾರ್ಚ್ ೯, ಶನಿವಾರ

ಚೀಫ್ ಫೋನ್ ಮಾಡಿದ್ದರು. ಚೀಫ್ ಎಂದರೆ ನಮ್ಮ ಮುಖ್ಯ ಪೈಲಟ್. ಹದಿನಾರು ವರ್ಷದ ಹಿಂದೆ ನನ್ನನ್ನು ಎಡಗಡೆಯ ಸೀಟಿನಲ್ಲಿ, ಕ್ಯಾಪ್ಟನ್ ಸೀಟಿನಲ್ಲಿ ಕೂರಿಸಲು ಮೇಲಿನವರ ಜೊತೆ ಮುಖ ಕೆಡಿಸಿಕೊಂಡವರು. "ನಿನ್ನ ಜಾಗ ಎಲ್ಲೂ ಹೋಗಲ್ಲ, ಆರಾಮಾಗಿರು. ಆ ಹುಡುಗಿ ಸ್ವಲ್ಪ ಗಾಬರಿ ಬಿದ್ದಿದ್ದಾಳೆ ಅಷ್ಟೇ" ಎಂದರು. ನನಗೂ ಹಾಗೇ ಅನ್ನಿಸುತ್ತದೆ. ಎರಡು ಸೆಕೆಂಡಿಗೆ ಕೈಯಿಂದ ವಿಮಾನ ಕಿತ್ತುಕೊಳ್ಳುವವಳು ನಾಳೆ ಕ್ಯಾಪ್ಟನ್ ಸೀನಿದರೂ ಕಿತ್ತುಕೊಳ್ಳುತ್ತಾಳೆ.

ಇಪ್ಪತ್ತಾರು ವರ್ಷದಲ್ಲಿ ನಾನು ಒಂದೇ ಒಂದು ದಿನ ಕಾಯಿಲೆ ರಜೆ ಹಾಕಿಲ್ಲ. ಕೆಲಸದ ಸಂದರ್ಶನಕ್ಕೆ ಹೋದಾಗ ನನಗೆ ಇಪ್ಪತ್ತೈದು. ಮೇಜಿನ ಆಚೆ ನಾಲ್ಕು ಜನ ಗಂಡಸರು. ಒಬ್ಬರು ಕೇಳಿದರು, "ತಿಂಗಳಲ್ಲಿ ನಾಲ್ಕು ದಿನ ಏನು ಮಾಡ್ತೀಯಮ್ಮ?" ನಾನೆಂದೆ, "ಉಳಿದ ಇಪ್ಪತ್ತಾರು ದಿನ ಮಾಡೋದನ್ನೇ ಸರ್." ಅವರು ಗುರುತು ಹಾಕಿಕೊಂಡರು. ಅವತ್ತೇ ತೀರ್ಮಾನ ಮಾಡಿದೆ, ಈ ದೇಹದ ಬಗ್ಗೆ ಇವರು ಇನ್ನೊಂದು ಅಕ್ಷರ ಬರೆಯುವಂತಾಗಬಾರದು.

ವಿಮಾನದೊಳಗಿನ ಗಾಳಿಯಲ್ಲಿ ಪಸೆ ಅನ್ನುವುದೇ ಇರುವುದಿಲ್ಲ. ತುಟಿ ಒಡೆಯುತ್ತದೆ, ಕಣ್ಣು ಉರಿಯುತ್ತದೆ. ನೀರು ಕುಡಿದರೆ ನಡುವೆ ಏಳಬೇಕು. ಎದ್ದರೆ, ಹೆಂಗಸರದ್ದು ಇದೇ ಗೋಳು ಎನ್ನುತ್ತಾರೆ. ಅದಕ್ಕೇ ಕುಡಿಯಲಿಲ್ಲ. ಮೂತ್ರಪಿಂಡದಲ್ಲಿ ಕಲ್ಲಾಯಿತು. ವಾರ್ಷಿಕ ರಜೆ ಬರುವ ತನಕ ಹಲ್ಲು ಕಚ್ಚಿಕೊಂಡಿದ್ದು, ಆ ರಜೆಯಲ್ಲಿ ಒಡೆಸಿಕೊಂಡು, ಯಾರಿಗೂ ಗೊತ್ತಾಗದಂತೆ ವಾಪಸ್ಸು ಹೋದೆ. ಮದುವೆಯಾದ ಮೂರನೇ ವರ್ಷ, ಇನ್ನೂ ಯಾರಿಗೂ ಹೇಳುವ ಮೊದಲೇ, ಹೊಟ್ಟೆಯಲ್ಲಿದ್ದದ್ದು ಹೋಯಿತು. ಆರನೇ ದಿನ ಯೂನಿಫಾರ್ಮ್ ಹಾಕಿಕೊಂಡೆ. ಆ ವಾರದ ಬಗ್ಗೆ ಇವರು ಇವತ್ತಿಗೂ ಮಾತಾಡುವುದಿಲ್ಲ.

ಇಷ್ಟೆಲ್ಲ ದಾಟಿ ಬಂದವಳು ಬೆರಳಿನುಗುರಷ್ಟಿರುವ ತಮಟೆಗೆ ಸೋಲುತ್ತೇನೆಯೇ?

ಮಾರ್ಚ್ ೧೮, ಸೋಮವಾರ

ಇವತ್ತು ಡಾಕ್ಟರ ಹತ್ತಿರ ಹೋಗುವ ಮೊದಲು ನನ್ನದೇ ಒಂದು ಪರೀಕ್ಷೆ ಮಾಡಿಕೊಂಡೆ. ಪೇಟೆಯ ದೊಡ್ಡ ರಸ್ತೆಯಲ್ಲಿ ಮೂವತ್ತೊಂದು ಮಹಡಿಯ ಆಫೀಸು ಕಟ್ಟಡವಿದೆ, ಗಾಜಿನ ಲಿಫ್ಟು. ನೆಲಮಹಡಿಯಿಂದ ಮೇಲಿನ ತನಕ ಒಂದೇ ಉಸಿರಿಗೆ ಹೋಗುತ್ತದೆ, ಹಾಗೆಯೇ ಇಳಿಯುತ್ತದೆ. ಏಳು ಸಲ ಹತ್ತಿ ಇಳಿದೆ. ಎಡಗಿವಿಯಲ್ಲಿ ಪ್ರತಿ ಸಲವೂ ಸಣ್ಣಗೆ ಒತ್ತಿದ ಹಾಗಾಯಿತು. ಬಲಗಿವಿಯಲ್ಲಿ ಏನೂ ಇಲ್ಲ. ನೋವಿಲ್ಲ, ಒತ್ತಡವಿಲ್ಲ. ಎಂಟನೇ ಸಲಕ್ಕೆ ಕಾವಲಿನವರು ಬಂದು ನಿಂತರು.

"ಮೇಡಂ, ನಿಮಗೆ ಯಾವ ಮಹಡಿಗೆ ಹೋಗ್ಬೇಕು?"

"ಎಲ್ಲದಕ್ಕೂ."

"ಕೆಳಗಿನ ಬಾಗಿಲಿಂದ ಶುರು ಮಾಡಿ ಹಾಗಾದ್ರೆ" ಎಂದು ರಸ್ತೆ ತೋರಿಸಿದರು.

ಗೆದ್ದವಳ ಹಾಗೆ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ತೂತು ಬಿದ್ದ ಟೈರಿಗೆ ಗಾಳಿ ಹಾಕಿದ್ರೆ ಟೈರು ಬಿಗಿಯುತ್ತಾ ಮೇಡಂ? ಗಾಳಿ ಈ ಕಡೆಯಿಂದ ಆ ಕಡೆ ಓಡಾಡ್ತಿದೆ, ಅದಕ್ಕೇ ನೋವಿಲ್ಲ. ನೋವಿಲ್ದಿರೋದೇ ನಿಮ್ಮ ರೋಗ." ಆಮೇಲೆ ನನ್ನ ಹಾಳೆ ಕೈಗೆತ್ತಿಕೊಂಡು, "ಮೂರನೇ ದಿನಕ್ಕೇ ತಲೆಸುತ್ತು ಸೊನ್ನೆ. ಪಾಠದ ಪುಸ್ತಕ ತಿದ್ದಬೇಕಾಗುತ್ತೆ. ಸರಿ, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲಿ" ಎಂದರು.

ನಿಂತೆ. ಅವರ ಹೆಗಲ ಮೇಲೆ ಬಿದ್ದೆ.

"ಕಣ್ಣು ಮುಚ್ಚಿದ್ರೆ ಯಾರಾದ್ರೂ ಬೀಳ್ತಾರೆ" ಎಂದೆ.

"ನಾನು ಬೀಳಲ್ಲ" ಎಂದು ಅರವತ್ತರ ಆ ಮನುಷ್ಯ ಕೊಕ್ಕರೆಯ ಹಾಗೆ ನಿಂತು ತೋರಿಸಿದರು. ಮೋಡದೊಳಗೆ ಹಾರುವಾಗ ಹೊರಗೆ ಏನೂ ಕಾಣುವುದಿಲ್ಲ, ಒಳಗಿವಿ ಹೇಳಿದ್ದೇ ನಿಜ ಅನ್ನಿಸುತ್ತದೆ, ಅದು ಸುಳ್ಳು ಹೇಳಿದರೆ ಎಡ ಬಲ, ಮೇಲೆ ಕೆಳಗೆ ಎಲ್ಲ ಅದಲುಬದಲು ಎಂದರು. ನನಗೆ ಹೇಳುತ್ತಾರೆ. ನಾನು ಇದನ್ನು ಹೊಸಬರಿಗೆ ಪಾಠ ಮಾಡಿದವಳು.

ಕಣ್ಣು ಮುಚ್ಚಿ ನಿಲ್ಲುವ ವ್ಯಾಯಾಮ ದಿನಕ್ಕೆ ಮೂರು ಸಲ. ಮಾಡುತ್ತೇನೆ. ಕೊಕ್ಕರೆಯನ್ನು ಸೋಲಿಸಿಯೇ ತೀರುತ್ತೇನೆ.

ಮಾರ್ಚ್ ೨೭, ಬುಧವಾರ

ಶ್ರವಣ ಪರೀಕ್ಷೆ. ಬೀರುವಿನಂಥ ಪೆಟ್ಟಿಗೆಯೊಳಗೆ ಕೂತು, ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಎಡಗಿವಿ ಚೆನ್ನಾಗಿದೆ. ಬಲಗಿವಿಗೆ ಸಣ್ಣ ಕೀರಲು ಸದ್ದುಗಳು ಕೇಳುವುದಿಲ್ಲ. ಅದರಲ್ಲಿ ಸ್ವಲ್ಪ ಭಾಗ ಮೊದಲೇ ಹೋಗಿತ್ತಂತೆ, ಎಂಜಿನ್ನಿನ ಪಕ್ಕ ಇಪ್ಪತ್ತಾರು ವರ್ಷ ಕೂತದ್ದಕ್ಕೆ. "ಹೋಗಿರೋದು ಪೂರ್ತಿ ವಾಪಸ್ ಬರಲ್ಲ. ಇರೋದು ಸಾಕಾಗುತ್ತಾ ನೋಡೋಣ" ಎಂದರು ಡಾಕ್ಟರು.

ಮನೆಯಲ್ಲಿ ಊಟಕ್ಕೆ ಕೂತಾಗ ಇವರು ಬಲಗಡೆಯಿಂದ ಏನೋ ಕೇಳಿದರು, ನಾನು ಹೂಂ ಎಂದೆ. ಎದುರಿಗೆ ಕೂತಿದ್ದ ಅಮ್ಮ ನಕ್ಕರು. ಅಮ್ಮನಿಗೆ ಎರಡೂ ಕಿವಿಗೆ ಯಂತ್ರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಆಪರೇಟರಾಗಿದ್ದವರು.

"ಅವನು ಏನು ಕೇಳಿದ ಗೊತ್ತಾ? ಇವತ್ತು ಸಂಜೆಯಿಂದ ಅಡುಗೆ ನೀನು ಮಾಡ್ತೀಯಾ ಅಂತ. ಒಪ್ಕೊಂಡೆ ನೀನು."

"ಕೇಳಿಸ್ತು ನನಗೆ."

"ನಾನೂ ಹಾಗೇ ತಲೆ ಆಡಿಸ್ತಿದ್ದೆ ಕಣೇ, ನಾಲ್ಕು ವರ್ಷ. ನಿನ್ನ ಮದುವೆ ಮಾತುಕತೇಲಿ ನಾನು ಏನೇನು ಒಪ್ಕೊಂಡೆ ಅಂತ ನನಗೇ ಗೊತ್ತಿಲ್ಲ."

ಇವರು ನೀರು ಕುಡಿಯುತ್ತಿದ್ದವರು ಕೆಮ್ಮಿ ಕೆಮ್ಮಿ ಮೇಜೆಲ್ಲ ಒದ್ದೆ ಮಾಡಿದರು. ನಾನೂ ನಕ್ಕೆ, ತಡೆಯಲಾಗಲಿಲ್ಲ. ಆಮೇಲೆ ಅಮ್ಮ ನನ್ನ ಕುರ್ಚಿಯನ್ನು ಎಳೆಸಿ, ಗೋಡೆಗೆ ಬೆನ್ನು ಕೊಟ್ಟು, ಇವರು ನನ್ನ ಎಡಕ್ಕೆ ಬರುವ ಹಾಗೆ ಹಾಕಿಸಿದರು. ಬೇಡವೆಂದೆ. ಅವರು ಯಂತ್ರದ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿಕೊಂಡರು. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಹೂಂ ಅಂದದ್ದಕ್ಕೆ ಸಂಜೆ ಅಡುಗೆ ನಾನೇ ಮಾಡಿದೆ. ಮೂವರಿಗೂ ಹಿಡಿಸಿತು. ಉಪ್ಪು ಹದವಾಗಿದೆ, ಇಷ್ಟು ವರ್ಷ ನೀನು ಸಮುದ್ರವನ್ನೇ ಕಲಸುತ್ತಿದ್ದೆ ಎಂದರು ಇವರು. ಮೇಲೆ ಹಾರುವಾಗ ನಾಲಗೆ ಮಂದವಾಗುತ್ತದೆ, ಎಲ್ಲ ಸಪ್ಪೆ. ಇಳಿದ ಮೇಲೂ ಅದೇ ಅಭ್ಯಾಸದಲ್ಲಿ ಸುರಿಯುತ್ತಿದ್ದೆನೇನೋ. ಈ ವಾರ ಎರಡು ದಿನ ಅಲಾರಂ ಇಲ್ಲದೆ ಎಚ್ಚರವಾಯಿತು, ಒಂದೇ ಹೊತ್ತಿಗೆ. ಕೆಲಸವಿಲ್ಲದವರ ಲಕ್ಷಣ.

ಏಪ್ರಿಲ್ ೧೧, ಗುರುವಾರ

ಆ ಹುಡುಗಿ ಮನೆಗೆ ಬಂದಿದ್ದಳು.

ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಬಾ ಎನ್ನುವುದು ನನ್ನ ಬಾಯಿಗೆ ಬರಲಿಲ್ಲ. ಹಿಂದಿನಿಂದ ಅಮ್ಮ, "ಯಾರದು? ಒಳಗೆ ಕರಿಯೇ, ಬಿಸಿಲಲ್ಲಿ ನಿಲ್ಲಿಸ್ಕೊಂಡು ಏನು ಮಾತು" ಎಂದು ಕರೆದೇ ಬಿಟ್ಟರು. ಕುರ್ಚಿಯ ಅಂಚಿನಲ್ಲಿ ಕೂತಳು.

"ಮೇಡಂ, ನಾನು ಕ್ಷಮೆ ಕೇಳೋಕೆ ಬಂದಿಲ್ಲ."

"ಕೇಳು ಅಂತ ನಾನೂ ಹೇಳಿಲ್ಲ. ಯಾಕೆ ಬಂದೆ?"

"ನಿಮ್ಮ ಕಿವಿ ಹೇಗಿದೆ ಅಂತ ಕೇಳೋಕೆ."

ನನ್ನ ಕಿವಿಯ ಸುದ್ದಿ ನನ್ನ ಹತ್ತಿರ ಸುರಕ್ಷಿತವಾಗಿದೆ ಎಂದೆ. ಎರಡು ಸೆಕೆಂಡಿನ ವಿಷಯವನ್ನು ನಾಲ್ಕು ಪುಟ ಬರೆಯಲು ಎಷ್ಟು ಹೊತ್ತು ಬೇಕಾಯಿತು ಎಂದು ಕೇಳಿದೆ. ಅವಳು ನೆಲ ನೋಡಲಿಲ್ಲ, ನನ್ನನ್ನೇ ನೋಡಿದಳು.

"ಎರಡು ಸೆಕೆಂಡ್ ಅಲ್ಲ ಮೇಡಂ."

"ಎಷ್ಟು ಹಾಗಾದ್ರೆ?"

"ನಾನು ಮೂರು ಸಲ ಕರೆದೆ. ಆಮೇಲೆ ತಗೊಂಡೆ."

ಸುಳ್ಳು ಎಂದೆ. ಅವಳು ವಾದಿಸಲಿಲ್ಲ. ವರದಿ ವಾಪಸ್ಸು ತೆಗೆದುಕೋ, ಕ್ಯಾಪ್ಟನ್ ತಾವಾಗಿ ಕಂಟ್ರೋಲ್ ಕೊಟ್ಟರು, ನೀನು ತಪ್ಪು ತಿಳಿದುಕೊಂಡೆ ಎಂದು ಬರೆದುಕೊಡು ಎಂದು ಚೀಫ್ ಎರಡು ಸಲ ಹೇಳಿದ್ದಾರಂತೆ. ಇಲ್ಲದಿದ್ದರೆ ಪ್ರೊಬೇಷನ್ ಮುಗಿಯುವುದು ಕಷ್ಟ ಎಂದೂ. "ಬರೆದುಕೊಡಲ್ಲ" ಎಂದಳು, ಬಸ್ಸಿಗೆ ಹೊತ್ತಾಯಿತು ಎನ್ನುವಷ್ಟು ಸಹಜವಾಗಿ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದಳು. "ಹೋದ ವಾರ ನನಗೆ ಜ್ವರ ಇತ್ತು. ಆಗಲ್ಲ ಅಂದೆ. ರೋಸ್ಟರಿನವರು ನಿಮ್ಮ ಹೆಸರು ಹೇಳಿದ್ರು. ಆ ಕ್ಯಾಪ್ಟನ್ ಇಪ್ಪತ್ತಾರು ವರ್ಷ ಒಂದು ದಿನ ರಜೆ ಹಾಕಿಲ್ಲ, ನಿನಗೇನಮ್ಮ ಅಂತ. ಯಾರು ರಜೆ ಕೇಳಿದ್ರೂ ನಿಮ್ಮ ಹೆಸರೇ ಹೇಳ್ತಾರೆ ಮೇಡಂ. ನಿಮಗೆ ಗೊತ್ತಿರಲಿ ಅಂತ ಹೇಳ್ದೆ."

ಎಷ್ಟು ಧೈರ್ಯ. ನನ್ನ ಮನೆಯಲ್ಲಿ ನಿಂತು, ನನ್ನ ದಾಖಲೆಯನ್ನು ನನಗೇ ಬೈಗುಳದಂತೆ ಹೇಳಿ ಹೋಗುವುದು. ಆ ಇಪ್ಪತ್ತಾರು ವರ್ಷವನ್ನು ನಾನು ಯಾರನ್ನೂ ಹೆದರಿಸಲು ಗಳಿಸಲಿಲ್ಲ. ನನ್ನನ್ನು ಯಾರೂ ಹೆದರಿಸಬಾರದೆಂದು ಗಳಿಸಿದೆ.

ಏಪ್ರಿಲ್ ೧೨, ಶುಕ್ರವಾರ

ಯಾರು ರಜೆ ಕೇಳಿದರೂ ನನ್ನ ಹೆಸರು.

ವ್ಯಾಯಾಮ ಮಾಡಿದೆ. ಕಣ್ಣು ಮುಚ್ಚಿ ಒಂಬತ್ತು ಸೆಕೆಂಡು ನಿಂತೆ. ಗಡಿಯಾರ ಹಿಡಿದು ನೋಡಿದರೆ ಒಂಬತ್ತು ಸೆಕೆಂಡು ಬಹಳ ದೊಡ್ಡದು.

ಏಪ್ರಿಲ್ ೧೯, ಶುಕ್ರವಾರ

ಚೀಫ್ ಇವತ್ತು ಖುದ್ದಾಗಿ ಬಂದರು. ಕಾಫಿ ಕುಡಿದರು, ಅಮ್ಮನ ಯೋಗಕ್ಷೇಮ ಕೇಳಿದರು. ಮಂಗಳವಾರ ವಿಚಾರಣೆ. ಕಾಗದವೊಂದನ್ನು ಮೇಜಿನ ಮೇಲಿಟ್ಟರು. ಹೊಸಬಳ ತರಬೇತಿಗಾಗಿ ನಾಲ್ಕು ಸಾವಿರ ಅಡಿಯಲ್ಲಿ ಕಂಟ್ರೋಲ್ ಬಿಟ್ಟುಕೊಟ್ಟೆ, ಕಿವಿಯ ತೊಂದರೆ ಅದರ ನಂತರ ಆಯಿತು ಎಂದು ಅದರಲ್ಲಿತ್ತು. ನನ್ನ ಸಹಿಗೆ ಜಾಗ ಖಾಲಿ.

"ಇದರಿಂದ ಯಾರಿಗೂ ನಷ್ಟ ಇಲ್ಲ. ನಿನ್ನ ಹೆಸರು ಹಾಗೇ ಉಳಿಯುತ್ತೆ. ಕಂಪನಿಗೂ ನೆಮ್ಮದಿ."

"ಆ ಹುಡುಗಿಗೆ?"

"ಚಿಕ್ಕವಳು. ಬೇರೆ ಕಡೆ ಕೆಲಸ ಸಿಗುತ್ತೆ."

ಸಹಿ ಹಾಕಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ಮಂಗಳವಾರ ಅಲ್ಲೇ ಹೇಳುತ್ತೇನೆ ಎಂದೆ. ನನ್ನ ಬಾಯಿಗೆ ಬೇರೆಯವರು ಮಾತು ಹಾಕುವುದು ನನಗಾಗುವುದಿಲ್ಲ, ಚೀಫ್ ಆದರೂ ಅಷ್ಟೇ. ಎರಡು ಸೆಕೆಂಡು ಎಂದು ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು, ಅದಕ್ಕೆ ತರಬೇತಿಯ ಕಥೆ ಯಾಕೆ?

ಅವರು ಹೋದ ಮೇಲೆ ಇವರು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಕಾಗದ ಮಾತ್ರ ಒಳ್ಳೇದು" ಎಂದರು.

ಏಪ್ರಿಲ್ ೨೩, ಮಂಗಳವಾರ

ಇವತ್ತಿನದು ಪೂರ್ತಿ ಬರೆಯಬೇಕು.

ಮೂರನೇ ಮಹಡಿಯ ಕೋಣೆ. ಉದ್ದನೆಯ ಮೇಜು, ಮುಚ್ಚಿಟ್ಟ ನೀರಿನ ಲೋಟಗಳು, ಕಿಟಕಿಗೆ ಪರದೆ. ಸುರಕ್ಷತಾ ವಿಭಾಗದ ಅಧಿಕಾರಿ ನಡುವೆ ಕೂತಿದ್ದರು, ಅವರ ಒಂದು ಪಕ್ಕ ವೈದ್ಯಾಧಿಕಾರಿ, ಇನ್ನೊಂದು ಪಕ್ಕ ಕಂಪನಿಯ ವಕೀಲರು. ಚೀಫ್ ಗೋಡೆಯ ಕಡೆ. ಅವಳು ನನ್ನ ಎದುರಿಗೆ. ನನ್ನ ಕುರ್ಚಿಯನ್ನು ನಾನೇ ಸ್ವಲ್ಪ ತಿರುಗಿಸಿಕೊಂಡು, ಎಲ್ಲರೂ ಎಡಗಿವಿಗೆ ಬರುವ ಹಾಗೆ ಕೂತೆ.

ಎಷ್ಟು ಹೊತ್ತು ತಲೆ ತಿರುಗಿತು ಎಂದು ಕೇಳಿದರು. ಎರಡು ಸೆಕೆಂಡು ಎಂದೆ. ಗಟ್ಟಿಯಾಗಿಯೇ ಹೇಳಿದೆ. ಸುಳ್ಳು ಹೇಳುತ್ತಿಲ್ಲ ಎಂದು ನನಗೆ ನೂರಕ್ಕೆ ನೂರು ಗೊತ್ತಿತ್ತು. ಸುರಕ್ಷತಾ ಅಧಿಕಾರಿ ಒಂದು ಗುಂಡಿ ಒತ್ತಿದರು. ಕಾಕ್‌ಪಿಟ್ಟಿನ ಧ್ವನಿಮುದ್ರಿಕೆ.

ಮೊದಲು ನನ್ನ ಮೂಗು ಏರಿಸುವ ಸದ್ದು. ಆಮೇಲೆ ಅವಳ ಧ್ವನಿ, "ಕ್ಯಾಪ್ಟನ್, ಬಲಕ್ಕೆ ವಾಲ್ತಿದೆ." ಮೌನ. "ಕ್ಯಾಪ್ಟನ್." ಅದಕ್ಕೆ ಒಂದು ಧ್ವನಿ ಉತ್ತರ ಕೊಟ್ಟಿತು, "ಸರಿಯಾಗಿದೆ, ಸರಿಯಾಗಿದೆ." ಶಾಂತವಾದ, ಸ್ವಲ್ಪ ಬೇಸರದ ಧ್ವನಿ. ನನ್ನದು. ನಾನು ಹಾಗೆ ಹೇಳಿದ್ದು ನನಗೆ ನೆನಪೇ ಇಲ್ಲ. ಇವತ್ತಿಗೂ ಇಲ್ಲ. ಮೂರನೇ ಸಲ ಅವಳು ಕರೆದಾಗ ಧ್ವನಿ ನಡುಗುತ್ತಿತ್ತು. ಅದಕ್ಕೆ ಉತ್ತರವಿಲ್ಲ. ಆಮೇಲೆ, "ಕಂಟ್ರೋಲ್ ನನ್ನದು." ಅಲ್ಲಿ ಮಾತ್ರ ಅವಳ ಧ್ವನಿ ನಡುಗಲಿಲ್ಲ.

"ಹನ್ನೊಂದು ಸೆಕೆಂಡ್" ಎಂದರು ಅಧಿಕಾರಿ. "ಅಷ್ಟರಲ್ಲಿ ವಿಮಾನ ಹತ್ತೊಂಬತ್ತು ಡಿಗ್ರಿ ವಾಲಿತ್ತು. ನೀವು ಇನ್ನೂ ಬಲಕ್ಕೇ ತಿರುಗಿಸ್ತಿದ್ರಿ."

ನನ್ನ ಒಳಗಿವಿ ಎಡಕ್ಕೆ ಬೀಳುತ್ತಿದ್ದೇವೆ ಎಂದು ಹೇಳಿರಬೇಕು. ನಾನು ಅದರ ಮಾತು ನಂಬಿದೆ. ಕಣ್ಣೆದುರಿಗಿದ್ದ ಉಪಕರಣಗಳನ್ನು ನಂಬಲಿಲ್ಲ, ಪಕ್ಕದಲ್ಲಿದ್ದವಳ ಮಾತನ್ನೂ ನಂಬಲಿಲ್ಲ.

ಒಂದು ಲೋಟ ನೀರು ಪೂರ್ತಿ ಕುಡಿದೆ.

ವಕೀಲರು ಮುಂದೆ ಬಾಗಿದರು. "ಇದು ತರಬೇತಿಗಾಗಿ ಮಾಡಿದ ಹಸ್ತಾಂತರ ಅಂತ ಮುಖ್ಯ ಪೈಲಟ್ ಬರೆದಿದ್ದಾರೆ. ನೀವು ಒಪ್ತೀರಲ್ವಾ ಕ್ಯಾಪ್ಟನ್?"

ಚೀಫ್ ನನ್ನನ್ನೇ ನೋಡುತ್ತಿದ್ದರು. ಹದಿನಾರು ವರ್ಷದ ಹಿಂದೆ ನನ್ನ ಪರವಾಗಿ ಗಂಟಲು ಹರಿದುಕೊಂಡ ಮನುಷ್ಯ. ಅವರ ಮುಖ ನೋಡುತ್ತ ಹೇಳುವುದು ಕಷ್ಟವಾಯಿತು, ಆದರೆ ಬೇರೆ ಕಡೆ ನೋಡಿ ಹೇಳುವುದು ಸರಿ ಅನ್ನಿಸಲಿಲ್ಲ.

"ಒಪ್ಪಲ್ಲ. ನಾನು ಕೊಡಲಿಲ್ಲ, ಅವಳು ತಗೊಂಡಳು. ತಗೊಳ್ದೇ ಇದ್ದಿದ್ರೆ ನಾವಿಬ್ಬರೂ ಇಲ್ಲಿ ಕೂತಿರ್ತಿರಲಿಲ್ಲ, ಹಿಂದೆ ಕೂತಿದ್ದ ನೂರ ಅರವತ್ತು ಜನಾನೂ ಮನೆ ಸೇರ್ತಿರಲಿಲ್ಲ."

"ನೆಗಡಿ ಇದ್ದೂ ಯಾಕೆ ಹಾರಿದಿರಿ?" ಇದು ವೈದ್ಯಾಧಿಕಾರಿ.

ಬೆಳಗಿನ ಫೋನಿನ ವಿಷಯ ಹೇಳಿದೆ. ಅವನು ನಕ್ಕಿದ್ದು, ನಾನೂ ನಕ್ಕಿದ್ದು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ನನ್ನ ರಜೆಯ ಪುಸ್ತಕ ತೋರಿಸಿ ನಿಮ್ಮ ರೋಸ್ಟರಿನವರು ಹೊಸಬರನ್ನ ಹೆದರಿಸ್ತಾರಂತೆ. ಆ ಪುಸ್ತಕ ಸುಳ್ಳು. ಕಲ್ಲು ಇಟ್ಕೊಂಡು ಹಾರಿದೀನಿ, ಸೊಂಟ ಹಿಡ್ಕೊಂಡಾಗ ಬೆಲ್ಟ್ ಕಟ್ಕೊಂಡು ಹಾರಿದೀನಿ, ಮೂರು ಊರಿನ ಮೂರು ಹೊತ್ತು ಒಂದೇ ವಾರದಲ್ಲಿ ಬದಲಾಗಿ, ಎಚ್ಚರ ಯಾವುದು ನಿದ್ದೆ ಯಾವುದು ಗೊತ್ತಾಗದೇ ಇರೋವಾಗ ಹಾರಿದೀನಿ. ಏನೂ ಆಗಲಿಲ್ಲ, ಅದು ನನ್ನ ಅದೃಷ್ಟ. ಅದನ್ನ ನೀವು ಶಿಸ್ತು ಅಂತ ಕರೆದ್ರಿ, ನಾನೂ ಕರೆದೆ. ಇವತ್ತಿನಿಂದ ನನ್ನ ಹೆಸರು ಹೇಳಿ ಯಾರನ್ನಾದ್ರೂ ಕಾಯಿಲೇಲಿ ಹಾರಿಸಿದ್ರೆ, ನಾನು ಅದರ ವಿರುದ್ಧ ಬರೆದುಕೊಡ್ತೀನಿ."

ಸುರಕ್ಷತಾ ಅಧಿಕಾರಿ ಅದನ್ನೂ ಬರೆದುಕೊಂಡರು.

"ಅಂದ್ರೆ ನೀವು ಹಾರಾಟಕ್ಕೆ ಯೋಗ್ಯರಲ್ಲ ಅಂತ ಒಪ್ಕೊಂಡ ಹಾಗಾಯ್ತು" ಎಂದರು ವಕೀಲರು.

"ಮಾರ್ಚ್ ಒಂದನೇ ತಾರೀಕು ಯೋಗ್ಯಳಲ್ಲ. ಇವತ್ತಿನದು ಹೇಳೋಕೆ ನೀವು ಡಾಕ್ಟರಲ್ಲ. ಪರೀಕ್ಷೆ ಇಡಿ, ಬರ್ತೀನಿ."

ಹೊರಗೆ ಬಂದಾಗ ಲಿಫ್ಟಿನ ಹತ್ತಿರ ನನ್ನ ಸಹ-ಪೈಲಟ್ ನಿಂತಿದ್ದಳು. ಏನೂ ಹೇಳಲು ಬಿಡಲಿಲ್ಲ ನಾನು. "ಮೂರು ಸಲ ಯಾಕೆ ಕರೆದೆ?" ಎಂದು ಕೇಳಿದೆ. "ನಿಯಮದ ಪ್ರಕಾರ ಎರಡು ಸಲ ಕರೆದು ಉತ್ತರ ಬರದೇ ಇದ್ರೆ ತಗೋಬೇಕು."

"ಒಂದಕ್ಕೆ ನೀವು ಉತ್ತರ ಕೊಟ್ರಲ್ಲ ಮೇಡಂ."

"ಅದನ್ನ ಲೆಕ್ಕಕ್ಕೆ ತಗೋಬೇಡ ಇನ್ನು ಮೇಲೆ" ಎಂದೆ.

ಏಪ್ರಿಲ್ ೩೦, ಮಂಗಳವಾರ

ಚೀಫ್ ಫೋನ್ ಮಾಡುತ್ತಾರೇನೋ ಎಂದು ವಾರವಿಡೀ ಕಾದೆ. ಇಲ್ಲ. ನಾನು ಮಾಡಿದೆ. ಎತ್ತಲಿಲ್ಲ.

ಮೇ ೧೬, ಗುರುವಾರ

ತಮಟೆ ಮುಚ್ಚಿಕೊಂಡಿದೆ. ಡಾಕ್ಟರು ದೀಪ ಹಾಕಿ ನೋಡಿ, ನನಗಿಂತ ಹೆಚ್ಚು ಖುಷಿಪಟ್ಟರು. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಲವತ್ತು ಸೆಕೆಂಡು ನಿಂತೆ. ಅವರು ಮೂವತ್ತೆಂಟಕ್ಕೆ ಕಾಲು ಊರಿದರು.

ಆಮೇಲೆ ಒತ್ತಡದ ಕೋಣೆ. ಕಬ್ಬಿಣದ ದೊಡ್ಡ ಡಬ್ಬಿಯೊಳಗೆ ಬೆಂಚು, ಒಂದು ದುಂಡು ಕಿಟಕಿ. ಗಾಳಿ ತೆಗೆದು ಎಂಟು ಸಾವಿರ ಅಡಿಯ ಮಟ್ಟಕ್ಕೆ ಏರಿಸುತ್ತಾರೆ, ವಿಮಾನದೊಳಗೆ ಇರುವಷ್ಟು. ಅಲ್ಲಿಂದ ನಿಧಾನವಾಗಿ ಇಳಿಸುತ್ತಾರೆ. ನೋವಾದರೆ ಕೈ ಎತ್ತಬೇಕು, ಅಷ್ಟೇ ಪರೀಕ್ಷೆ.

ಮೂರು ಸಾವಿರದ ಹತ್ತಿರ ಬಲಗಿವಿ ಬಿಗಿಯಿತು. ನುಂಗಿದೆ, ಬಿಡಲಿಲ್ಲ. ಊದಿದೆ, ಬಿಡಲಿಲ್ಲ. ಎರಡೂವರೆ ಸಾವಿರಕ್ಕೆ ಸೂಜಿಯಂತೆ ಚುಚ್ಚಿತು. ಕಿಟಕಿ ಆಚೆ ತಂತ್ರಜ್ಞೆ ಅಂಕಿ ಓದುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಇನ್ನು ಮೂರು ನಿಮಿಷ ಮುಖ ಗಂಟಿಕ್ಕದೆ ಕೂತರೆ ಪ್ರಮಾಣಪತ್ರ ನನ್ನ ಕೈಯಲ್ಲಿ. ಮುಖ ಗಂಟಿಕ್ಕದೆ ಕೂರುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಕೈ ಎತ್ತಿದೆ.

ನಪಾಸು. ಮೂಗಿನಿಂದ ಕಿವಿಗೆ ಗಾಳಿ ಹೋಗುವ ಒಳಗಿನ ನಾಳ ಇನ್ನೂ ಊದಿಕೊಂಡಿದೆ, ಆರು ವಾರ ಬಿಟ್ಟು ಬನ್ನಿ ಎಂದರು. ಮನೆಗೆ ಬಂದು ಬಾಗಿಲು ಎಷ್ಟು ಜೋರಾಗಿ ಹಾಕಿದೆನೆಂದರೆ ಯಂತ್ರ ತೆಗೆದಿಟ್ಟಿದ್ದ ಅಮ್ಮನೂ ತಿರುಗಿ ನೋಡಿದರು. ಎರಡು ದಿನ ಯಾರೂ ನನ್ನನ್ನು ಮಾತಾಡಿಸಬೇಡಿ ಎಂದೆ. ಇವರು ಹೂಂ ಎಂದು, ಎಡಗಡೆ ಬಂದು ಕೂತರು.

ಜೂನ್ ೨೭, ಗುರುವಾರ

ಪಾಸು. ಎಂಟು ಸಾವಿರದಿಂದ ನೆಲದ ತನಕ ಒಂದೇ ಒಂದು ಸಲವೂ ಬಿಗಿಯಲಿಲ್ಲ. ಶ್ರವಣದಲ್ಲಿ ಹೋದದ್ದು ಹೋಯಿತು, ಉಳಿದದ್ದು ಸಾಕಂತೆ. ಪ್ರಮಾಣಪತ್ರದ ಹೊಸ ಕಾರ್ಡಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: "ಅರ್ಹ ಸಹ-ಪೈಲಟ್ ಜೊತೆಯಿದ್ದಾಗ ಮಾತ್ರ." ಇಪ್ಪತ್ತಾರು ವರ್ಷದಿಂದ ಪ್ರತಿ ದಿನ ಒಬ್ಬರು ಜೊತೆಗಿದ್ದೇ ಇದ್ದಾರೆ, ಇದರಲ್ಲಿ ಹೊಸದೇನು ಎಂದು ಕೇಳಿದೆ. ಡಾಕ್ಟರು ಕಾರ್ಡನ್ನು ಮೇಜಿನ ಮೇಲೆ ನನ್ನ ಕಡೆ ಸರಿಸಿದರು.

ವಿಚಾರಣೆಯ ಫಲಿತಾಂಶವೂ ಬಂತು. ನನಗೆ ಎಚ್ಚರಿಕೆ ಪತ್ರ, ರೋಸ್ಟರಿಗೂ ಒಂದು. ನೆಗಡಿ, ಜ್ವರಕ್ಕೆ ರಜೆ ಕೇಳಿದವರ ಹೆಸರಿನ ಮುಂದೆ ಗುರುತು ಹಾಕುವುದನ್ನು ನಿಲ್ಲಿಸಿದ್ದಾರೆ, ಸದ್ಯಕ್ಕೆ. ಸದ್ಯಕ್ಕೆ ಎಂಬ ಮಾತು ತೆಗೆಯಿರಿ ಎಂದು ಪತ್ರ ಬರೆದಿದ್ದೇನೆ. ನನ್ನ ಎಚ್ಚರಿಕೆ ಪತ್ರಕ್ಕೆ ಸಹಿ ಹಾಕಿ ಕಳಿಸಿದೆ, ಅದು ನ್ಯಾಯ. ಅವಳ ಪ್ರೊಬೇಷನ್ ಮುಗಿಯಿತು; ದೊಡ್ಡ ವಿಮಾನದ ತರಬೇತಿಗೆ ಹೋಗುತ್ತಿದ್ದಾಳಂತೆ. ಚೀಫ್ ಬೇರೆ ಊರಿನ ಆಫೀಸಿಗೆ ಹೋದರು ಎಂದು ಯಾರೋ ಹೇಳಿದರು. ನನಗೆ ಹೇಳಿ ಹೋಗಲಿಲ್ಲ. ಅದೊಂದು ಇವತ್ತಿಗೂ ಚುಚ್ಚುತ್ತದೆ.

ಜುಲೈ ೯, ಮಂಗಳವಾರ

ಹಾರಿದೆ.

ಯೂನಿಫಾರ್ಮಿನ ಪ್ಯಾಂಟು ಸೊಂಟದಲ್ಲಿ ಬಿಗಿ, ನಾಲ್ಕು ತಿಂಗಳ ಮನೆಯೂಟ. ಸಹ-ಪೈಲಟ್ ಮೀಸೆಯ ಹೊಸಬ, ನನ್ನನ್ನು ನೋಡಿ ಎರಡು ಸಲ ನಮಸ್ಕಾರ ಮಾಡಿದ. ದಾರಿಯುದ್ದಕ್ಕೂ ಮೋಡ. ಒಂದೂವರೆ ಲೀಟರ್ ನೀರು ಕುಡಿದು, ಎರಡು ಸಲ ಎದ್ದು ಹೋಗಿ ಬಂದೆ; ಯಾರೂ ಏನೂ ಅನ್ನಲಿಲ್ಲ, ಅಂದಿದ್ದರೆ ಒಂದು ಕೈ ನೋಡಿಕೊಳ್ಳುತ್ತಿದ್ದೆ. ಇಳಿಯುವಾಗ ಮೂರು ಸಾವಿರ ಅಡಿಯಲ್ಲಿ ಬಲಗಿವಿ ಸ್ವಲ್ಪ ಭಾರವಾಯಿತು. "ಬಲಗಿವಿ ಬಿಗೀತಿದೆ, ಒಂದು ನಿಮಿಷ ನೀನು ತಗೋ" ಎಂದು ಅವನಿಗೆ ಕೊಟ್ಟು, ನಾಲ್ಕು ಸಲ ನುಂಗಿದೆ. ಬಿಟ್ಟಿತು. ವಾಪಸ್ಸು ತೆಗೆದುಕೊಂಡೆ. ಪಕ್ಕದಿಂದ ಗಾಳಿ ಹೊಡೆಯುತ್ತಿತ್ತು, ಒಂದು ಚಕ್ರ ಮೊದಲು ತಾಗಿ ಆಮೇಲೆ ಇನ್ನೊಂದು.

ಎಂಜಿನ್ ನಿಂತ ಮೇಲೆ ಹೊಸಬ ಹಾರಾಟದ ಪುಸ್ತಕ ಹಿಡಿದುಕೊಂಡು ತಡವರಿಸಿದ. "ಮೇಡಂ, ಮೂರು ಸಾವಿರ ಅಡೀಲಿ ನೀವು ನನಗೆ ಕೊಟ್ರಲ್ಲ, ಅದನ್ನ ಬರೀಬೇಕಾ ಅಥವಾ..."

"ಬರಿ" ಎಂದೆ. "ಯಾವ ಕಿವಿ, ಎಷ್ಟು ಹೊತ್ತು, ಎಲ್ಲ ಬರಿ, ನಾನು ಸಹಿ ಹಾಕ್ತೀನಿ. ಆದ್ರೆ ನನ್ನ ಲ್ಯಾಂಡಿಂಗ್ ಒರಟಾಗಿತ್ತು ಅಂತ ಒಂದು ಅಕ್ಷರ ಬರೆದೆಯೋ, ನೋಡ್ತಾ ಇರು."